ಕಿವಿಗೊಟ್ಟು ತೆಗೆದ ಚಿತ್ರ

ಕಛೇರಿಗೆ ಕ್ಯಾಮೆರಾ ಹಿಡಿದು ಬರುವವರೆಂದರೆ ಹಳೆಯ ಕೇಳುಗರಿಗೆ ಅಷ್ಟಕ್ಕಷ್ಟೆ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದ ಪೆಂಡಾಲಿರಲಿ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವಿರಲಿ, ಶನಿವಾರ ರಾತ್ರಿ ಪಬ್ಬೊಂದರ ಮೂಲೆಯಲ್ಲಿ ನಡೆಯುವ ರಾಕ್ ಬ್ಯಾಂಡಿನ ಗಿಗ್ ಇರಲಿ, ದೂರು ಒಂದೇ: ಇವರು ಕೇಳಲು ಬಂದವರಲ್ಲ, ಕ್ಲಿಕ್ಕಿಸಲು ಬಂದವರು. ಈ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹಾಡುವವರ ಚಿತ್ರ ತೆಗೆಯುವ ಹವ್ಯಾಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇದಕ್ಕೆ ವಿರುದ್ಧವಾದ ಮಾತೇ ಹೆಚ್ಚು ಸರಿ ಎನಿಸುತ್ತದೆ. ಸಂಗೀತವನ್ನು ಕೇಳದವನು ಸಂಗೀತಗಾರರ ಒಳ್ಳೆಯ ಚಿತ್ರ ತೆಗೆಯಲಾರ. ಈ ಕಲೆಯಲ್ಲಿ ಕಣ್ಣಿಗಿಂತ ಮೊದಲು ಪಳಗಬೇಕಾದದ್ದು ಕಿವಿ. ಹೀಗೆ ಪಳಗಿಸಿಕೊಂಡ ಹವ್ಯಾಸಿಯನ್ನು ರಸಿಕರ ಸಾಲಿನಲ್ಲೇ ಕೂರಿಸಬೇಕು.

ಉಪಕರಣದ ವಿಷಯವನ್ನು ಬೇಗ ಮುಗಿಸಿಬಿಡಬಹುದು, ಏಕೆಂದರೆ ಜನ ಅಂದುಕೊಂಡಷ್ಟು ದುಬಾರಿ ಸಾಮಗ್ರಿ ಇದಕ್ಕೆ ಬೇಕಿಲ್ಲ. ವೇದಿಕೆಯ ದೊಡ್ಡ ತೊಂದರೆ ಬೆಳಕಿನ ಕೊರತೆ. ಕ್ಯಾಮೆರಾದ ಜೊತೆಗೇ ಬರುವ ಸಾಮಾನ್ಯ ಜೂಮ್ ಲೆನ್ಸನ್ನು ಪೂರ್ತಿ ಮುಂದಕ್ಕೆಳೆದರೆ ಅದರ ಕಿಂಡಿ ಎಫ್/5.6ಕ್ಕೆ ನಿಲ್ಲುತ್ತದೆ. ಬಹುತೇಕ ಕಂಪನಿಗಳಲ್ಲಿ ಅಗ್ಗವಾಗಿ ಸಿಗುವ 50 ಎಂಎಂ, ಎಫ್/1.8 ಲೆನ್ಸು ಅದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಸೆನ್ಸರಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒವನ್ನು, 3200ರಿಂದ 6400ರವರೆಗೆ ಏರಿಸಿದರೆ ಚಿತ್ರದಲ್ಲಿ ಒಂದಿಷ್ಟು ಕಾಳುಕಾಳು ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಕಪ್ಪು ಹಿನ್ನೆಲೆಯಲ್ಲಿ ಬೆಳಗುತ್ತಿರುವ ಮುಖವೊಂದೇ ಇದ್ದಾಗ ಕ್ಯಾಮೆರಾದ ಆಟೊ ಲೆಕ್ಕಾಚಾರ ಕತ್ತಲೆಯನ್ನು ಬೆಳಗಿಸಹೋಗಿ ಮುಖವನ್ನು ಸುಣ್ಣದಂತೆ ಬಿಳಿಯಾಗಿಸುತ್ತದೆ. ಆದ್ದರಿಂದ ಮುಖದ ಬೆಳಕನ್ನಷ್ಟೇ ಅಳೆಯುವಂತೆ ಹೊಂದಿಸಿಕೊಳ್ಳಬೇಕು. ಕಲಿಯಬೇಕಾದ ಯಂತ್ರವಿದ್ಯೆ ಬಹುಮಟ್ಟಿಗೆ ಇಷ್ಟೆ. ನಿಜವಾದ ಕಷ್ಟ ಇರುವುದು ಗುಂಡಿಯನ್ನು ಯಾವಾಗ ಒತ್ತಬೇಕು ಎನ್ನುವುದರಲ್ಲಿ.

ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಪುಟ್ಟ ಕನ್ನಡಿಯೊಂದಿದೆ. ಗುಂಡಿ ಒತ್ತಿದಾಗ ಅದು ಮೇಲಕ್ಕೆದ್ದು ಬೆಳಕನ್ನು ಸೆನ್ಸರಿಗೆ ಬಿಡುತ್ತದೆ, ಅಷ್ಟು ಹೊತ್ತು ವ್ಯೂಫೈಂಡರ್ ಕತ್ತಲಾಗಿರುತ್ತದೆ. ಹಾಗಾಗಿ ಛಾಯಾಗ್ರಾಹಕ ಕಣ್ಣಾರೆ ಕಂಡದ್ದು ಚಿತ್ರದಲ್ಲಿ ಇರುವುದಿಲ್ಲ, ಚಿತ್ರದಲ್ಲಿ ಇರುವುದನ್ನು ಅವನು ಕಂಡಿರುವುದಿಲ್ಲ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಈ ಕತ್ತಲು ಬಹುಮಟ್ಟಿಗೆ ಹೋಗಿದೆ, ಆದರೆ ಮನುಷ್ಯನ ನಿಧಾನ ಹೋಗಿಲ್ಲ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗವಾದರೂ ಕಳೆದಿರುತ್ತದೆ. ಮೃದಂಗದವರು ಮೇಲಿನ ಕಾಲದಲ್ಲಿ ನುಡಿಸುವಾಗ ಅಷ್ಟರೊಳಗೆ ಒಂದೆರಡು ಹೊಡೆತ ಮುಗಿದೇ ಹೋಗಿರುತ್ತವೆ. ಕಂಡಮೇಲೆ ಒತ್ತುವವನಿಗೆ ಸದಾ ಸಿಗುವುದು ಆಗಿಹೋದದ್ದರ ಬಾಲ. ಮುಂದೆ ಬರಲಿರುವುದನ್ನು ಅರಿತು ಒತ್ತಬೇಕು. ಆ ಅರಿವು ಕೊಡಬಲ್ಲದ್ದು ಕಿವಿ ಮಾತ್ರ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ಕೊನೆಯನ್ನು ನೋಡಿ. ಕೋರ್ವೆ ಎಂಬ ಲಯದ ಗುಚ್ಛವನ್ನು ಮೂರು ಬಾರಿ ನುಡಿಸಿ ಹಾಡಿನ ಎತ್ತುಗಡೆಗೆ ಸರಿಯಾಗಿ ತಂದು ನಿಲ್ಲಿಸುವುದು ಪದ್ಧತಿ. ಮೊದಲ ಬಾರಿ ಕೇಳಿದಾಗಲೇ ತಾಳ ಬಲ್ಲ ಕೇಳುಗನಿಗೆ ಅದರ ಅಳತೆ ಸಿಕ್ಕಿಬಿಡುತ್ತದೆ. ಎರಡನೆಯದಕ್ಕೆ ಅವನು ಫೋಕಸ್ ಸರಿಪಡಿಸಿಕೊಳ್ಳಬಹುದು. ಮೂರನೆಯದು ಮುಗಿಯುವಲ್ಲಿ ಏನಾಗುತ್ತದೆ ಎನ್ನುವುದು ಅವನಿಗೆ ಗೊತ್ತು: ಘಟದವರೂ ಮೃದಂಗದವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಪಿಟೀಲಿನವರ ಕಮಾನು ತಂತಿಯ ಮೇಲೆ ಬಂದು ಕಾಯುತ್ತದೆ, ಅಷ್ಟು ಹೊತ್ತು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಗಾಯಕರು ಪಲ್ಲವಿ ಎತ್ತಿಕೊಳ್ಳಲು ಉಸಿರೆಳೆದುಕೊಳ್ಳುತ್ತಾರೆ. ಶಟರ್ ವೇಗವನ್ನು 1/60 ಸೆಕೆಂಡಿಗೆ ಇಟ್ಟಿದ್ದರೆ ಮೃದಂಗದವರ ಬಲಗೈ ಬೆರಳುಗಳು ಮಸುಕಾಗಿ ಚಲನೆ ಕಾಣುತ್ತದೆ, ಎಡದ ತೊಪ್ಪಿಗೆ ಮೆತ್ತಿದ ರವೆ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ. 1/250ಕ್ಕೆ ಇಟ್ಟರೆ ಬೆರಳುಗಳೂ ನಿಲ್ಲುತ್ತವೆ, ನಾದ ಸ್ವಲ್ಪ ಸತ್ತಂತೆ ಕಾಣುತ್ತದೆ. ಎರಡರಲ್ಲಿ ಯಾವುದು ಬೇಕು ಎನ್ನುವುದೂ ಕೇಳಿ ತೀರ್ಮಾನಿಸಬೇಕಾದ ವಿಷಯವೇ. ಹಿಂದೂಸ್ತಾನಿಯಲ್ಲಿ ಮೂರು ಬಾರಿ ನುಡಿಸುವ ತಿಹಾಯಿ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಬೀಳುವಾಗಲೂ ಇದೇ ಲೆಕ್ಕ. ರಾಕ್ ಗಿಗ್ಗಿನಲ್ಲಿ ಹಾಡುಗಾರನ ಬಾಯಿಗೆ ಮೈಕು ಅಂಟಿಕೊಂಡೇ ಇರುವುದರಿಂದ ಮುಖ ಪೂರ್ತಿ ಕಾಣುವುದು ಸಾಲು ಮುಗಿಸಿ ಅವನು ಹಿಂದಕ್ಕೆ ಸರಿದಾಗ. ಹಾಡು ಗೊತ್ತಿದ್ದವರಿಗೆ ಆ ಕ್ಷಣ ಗೊತ್ತು, ಗೊತ್ತಿಲ್ಲದವರ ಪಾಲಿಗೆ ಬರೀ ಮೈಕಿನ ಚಿತ್ರ.

ಈ ಕಲೆಯ ಚರಿತ್ರೆಯನ್ನು ತೆಗೆದು ನೋಡಿದರೂ ಇದೇ ಕಾಣುತ್ತದೆ. ನ್ಯೂಯಾರ್ಕಿನ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ 1948ರಲ್ಲಿ ಹರ್ಮನ್ ಲೆನಾರ್ಡ್ ತೆಗೆದ ಡೆಕ್ಸ್‌ಟರ್ ಗಾರ್ಡನ್ ಚಿತ್ರವನ್ನು ಜಾಝ್ ಸಂಗೀತದ ಗುರುತಿನ ಚಿತ್ರವೆಂದೇ ಹೇಳುತ್ತಾರೆ: ಮಡಿಲಲ್ಲಿ ಸ್ಯಾಕ್ಸೊಫೋನ್, ಹಿಂದಿನ ದೀಪದ ಬೆಳಕಿಗೆ ಮೋಡದಂತೆ ಎದ್ದ ಸಿಗರೇಟಿನ ಹೊಗೆ. ಲೆನಾರ್ಡ್ ಜಾಝ್ ಹುಚ್ಚು ಹಿಡಿದವರು. ಕ್ಲಬ್ಬಿನ ಮಾಲೀಕರಿಗೆ ಚಿತ್ರ ಕೊಟ್ಟು ಅದಕ್ಕೆ ಬದಲಾಗಿ ಪುಕ್ಕಟೆ ಪ್ರವೇಶ ಗಿಟ್ಟಿಸಿಕೊಂಡು ಕೇಳುತ್ತಿದ್ದರು. ರಾಬರ್ಟಾ ಬೇಲಿ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನ ಬಾಗಿಲಲ್ಲಿ ಕೆಲಸ ಮಾಡುತ್ತಿದ್ದವರು. ರಾತ್ರಿ ರಾತ್ರಿ ಅದೇ ಬ್ಯಾಂಡುಗಳನ್ನು ಕೇಳುತ್ತ, ಕ್ಯಾಮೆರಾ ಕೊಂಡು ಚಿತ್ರ ತೆಗೆಯತೊಡಗಿದರು. ರಾಮೋನ್ಸ್ ತಂಡದ ಮೊದಲ ಆಲ್ಬಮ್ಮಿನ ಮುಖಪುಟಕ್ಕೆ 1976ರಲ್ಲಿ ಬಂದದ್ದು ಅವರು ತೆಗೆದ ಚಿತ್ರವೇ. ಮಾಂಟೆರೆಯ ಪಾಪ್ ಉತ್ಸವದಲ್ಲಿ 1967ರಲ್ಲಿ ಜಿಮಿ ಹೆಂಡ್ರಿಕ್ಸ್ ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿಯಿಟ್ಟ ಹೊತ್ತಿನ ಜಗತ್ಪ್ರಸಿದ್ಧ ಚಿತ್ರವನ್ನು ತೆಗೆದ ಎಡ್ ಕ್ಯಾರಫ್‌ಗೆ ಆಗ 17 ವರ್ಷ, ಹೈಸ್ಕೂಲು ವಿದ್ಯಾರ್ಥಿ, ಕೈಯಲ್ಲಿದ್ದದ್ದು ಎರವಲು ಕ್ಯಾಮೆರಾ. ಅದೃಷ್ಟವೂ ಕೂಡಿಬಂತು ಎನ್ನಬಹುದು. ಆದರೆ ಅದೃಷ್ಟ ಬಂದಾಗ ವೇದಿಕೆಯ ಅಂಚಿನಲ್ಲಿ ನಿಂತಿರಲು ಸಂಗೀತದ ಮೇಲೆ ಆಸೆ ಇರಬೇಕಲ್ಲ.

ಇದಕ್ಕೆ ಎದುರಾಗಿ ಗಂಭೀರವಾದ ಆಕ್ಷೇಪವೊಂದಿದೆ, ಅದು ಪ್ರಯೋಗಗಳಿಂದಲೇ ಬಂದದ್ದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಂ ಸುತ್ತಿದವರು ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳನ್ನು ಕಡಿಮೆ ನೆನಪಿಟ್ಟುಕೊಂಡಿದ್ದರು. ಅದೇ ಅಧ್ಯಯನದಲ್ಲಿ, ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರ ನೆನಪು ಮಾತ್ರ ಕುಂದಿರಲಿಲ್ಲ. ಗಮನವಿಟ್ಟು ತೆಗೆಯುವುದಕ್ಕೂ ಸುಮ್ಮನೆ ಕ್ಲಿಕ್ಕಿಸುವುದಕ್ಕೂ ವ್ಯತ್ಯಾಸವಿದೆ ಎನ್ನಲು ಇದು ಆಧಾರ. ಆದರೆ 2017ರಲ್ಲಿ ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳ ಫಲಿತಾಂಶ ಸಂಗೀತದ ಮಟ್ಟಿಗೆ ಇನ್ನೂ ಮುಖ್ಯ. ತಮಗೆ ಬೇಕಾದ್ದರ ಫೋಟೊ ತೆಗೆದವರು ಕಂಡದ್ದನ್ನು ಹೆಚ್ಚು ನೆನಪಿಟ್ಟರು, ಕಿವಿಗೆ ಬಿದ್ದ ವಿವರಣೆಯನ್ನು ಕಡಿಮೆ ನೆನಪಿಟ್ಟರು. ಇದನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ಕೇಳಿಸಿದ್ದು ಚಿತ್ರಕ್ಕೆ ನೆರವಾಗದ ಮಾತು, ಕಛೇರಿಯಲ್ಲಾದರೋ ಕೇಳಿಸಿದ್ದೇ ಚಿತ್ರಕ್ಕೆ ದಾರಿ ತೋರಿಸುತ್ತದೆ ಎಂದು ವಾದಿಸಬಹುದು. ಆ ವಾದದಲ್ಲಿ ಬಲವೂ ಇದೆ. ಹಾಗಿದ್ದರೂ ವಿಲಂಬದ ಆಲಾಪನೆಯೊಂದು ನಿಧಾನವಾಗಿ ಬಿಚ್ಚಿಕೊಳ್ಳುವಾಗ ಚೌಕಟ್ಟಿನ ಮೂಲೆಯಲ್ಲಿರುವ ನೀರಿನ ಬಾಟಲಿಯನ್ನು ಹೇಗೆ ತಪ್ಪಿಸಲಿ ಎಂದು ಯೋಚಿಸುತ್ತಿರುವವನ ಕಿವಿಗೆ ರಾಗ ಪೂರ್ತಿ ದಕ್ಕುವುದಿಲ್ಲ. ಇದನ್ನು ಒಪ್ಪಿಕೊಂಡು, ತೆಗೆಯುವ ಹೊತ್ತಿಗೆ ಮಿತಿ ಹಾಕಿಕೊಳ್ಳುವುದೇ ಮಾರ್ಗ.

ಆ ಮಿತಿ ವೃತ್ತಿನಿರತರ ಲೋಕದಲ್ಲಿ ಆಗಲೇ ಇದೆ. ದೊಡ್ಡ ರಾಕ್ ಕಾರ್ಯಕ್ರಮಗಳಲ್ಲಿ ಪತ್ರಿಕಾ ಛಾಯಾಗ್ರಾಹಕರಿಗೆ ಸಾಮಾನ್ಯವಾಗಿ ಸಿಗುವುದು ಮೊದಲ ಮೂರು ಹಾಡುಗಳ ಅವಕಾಶ, ಅದೂ ಫ್ಲ್ಯಾಶ್ ಇಲ್ಲದೆ. ಆಮೇಲೆ ವೇದಿಕೆಯ ಮುಂದಿನ ಜಾಗ ಖಾಲಿ ಮಾಡಬೇಕು. ಹಾಡುಗಾರರು ಬೆವರಿ, ಮೈಮರೆತು, ನಿಜವಾದ ಚಿತ್ರ ಸಿಗುವುದು ಕೊನೆಯಲ್ಲೇ ಎಂದು ಅವರು ಗೊಣಗುತ್ತಾರೆ, ಅದು ಸುಳ್ಳಲ್ಲ. ಆದರೆ ಸಂಪಾದಕರಿಗೆ ಲೆಕ್ಕ ಒಪ್ಪಿಸಬೇಕಿಲ್ಲದ ಹವ್ಯಾಸಿಗೆ ಇಂಥದ್ದೊಂದು ನಿಯಮ ವರದಾನ. ವರ್ಣದಿಂದ ಎರಡನೆಯ ಕೃತಿಯವರೆಗೆ ತೆಗೆಯುವುದು, ಪ್ರಧಾನ ರಾಗಕ್ಕೆ ಕ್ಯಾಮೆರಾ ಕೆಳಗಿಟ್ಟು ಬರೀ ಕೇಳುವುದು, ತನಿಗೆ ಮತ್ತೆ ಎತ್ತಿಕೊಳ್ಳುವುದು. ಹೀಗೆ ಹಂಚಿಕೊಂಡರೆ ಕಿವಿಗೂ ನ್ಯಾಯ ಸಿಗುತ್ತದೆ, ಚಿತ್ರಗಳೂ ಮೇಲಾಗುತ್ತವೆ.

ಪಕ್ಕದವರಿಗೆ ಆಗುವ ಕಿರಿಕಿರಿಯ ಮಾತು ಬೇರೆ, ಅಲ್ಲಿ ಹವ್ಯಾಸಿಗಳ ಪರವಾಗಿ ಹೇಳಲು ಹೆಚ್ಚಿಲ್ಲ. ಫ್ಲ್ಯಾಶ್ ಹೊಡೆಯುವುದು ತಪ್ಪೇ ತಪ್ಪು. ಕಲಾವಿದರ ಕಣ್ಣಿಗೆ ಹಿಂಸೆ, ಚಿತ್ರಕ್ಕೂ ನಷ್ಟ, ಏಕೆಂದರೆ ವೇದಿಕೆಯ ಬೆಳಕಿನ ಬಣ್ಣವನ್ನೆಲ್ಲ ಅದು ತೊಳೆದುಹಾಕುತ್ತದೆ. ಕತ್ತಲಲ್ಲಿ ಬೆಳಗುವ ಹಿಂಬದಿಯ ಪರದೆಯನ್ನು ಆರಿಸಿಡಬೇಕು. ಮೈಕಿಲ್ಲದೆ ಹಾಡುವ ಮನೆ ಕಛೇರಿಗಳಲ್ಲಿ ಶಟರಿನ ಟಕ್ ಟಕ್ ಸದ್ದು ತಂಬೂರಿಯ ಶ್ರುತಿಯ ಮೇಲೆ ಕಲ್ಲು ಬಿದ್ದಂತೆ ಕೇಳಿಸುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ತುಂಬ ಅಡ್ಡ ಪಟ್ಟಿಗಳು ಮೂಡುತ್ತವೆ. ಆ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಹತ್ತಿ ಆರುತ್ತಿರುತ್ತವೆ, ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದಿಕೊಳ್ಳುವುದರಿಂದ ಆರಿದ ಹೊತ್ತೂ ಅದರಲ್ಲಿ ದಾಖಲಾಗುತ್ತದೆ. ಇಂಥ ಕಡೆ ಚಪ್ಪಾಳೆಗೆ ಕಾದು ಒತ್ತುವುದೇ ಸಭ್ಯತೆ. ಅಮೆರಿಕದ ಗಾಯಕ ಜಾಕ್ ವೈಟ್ 2018ರ ಪ್ರವಾಸದಲ್ಲಿ ಕೇಳುಗರ ಫೋನುಗಳನ್ನು ಚೀಲದಲ್ಲಿ ಹಾಕಿ ಬೀಗ ಹಾಕಿಸಿದರು, ತಂಡದವರೇ ತೆಗೆದ ಚಿತ್ರಗಳನ್ನು ಹಂಚುವ ಏರ್ಪಾಡು ಮಾಡಿದರು. ಸಾವಿರ ಪರದೆಗಳ ಎದುರು ಹಾಡುವ ಸಂಕಟ ನಿಜವಾದದ್ದು. ಸಂಘಟಕರ ಅಪ್ಪಣೆ ಪಡೆದು, ಒಂದು ಮೂಲೆಯಲ್ಲಿ ನಿಂತು, ಇಡೀ ಸಂಜೆಯಲ್ಲಿ ಹಿಡಿಯಷ್ಟು ಚಿತ್ರ ತೆಗೆಯುವವರನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ಹಾಡುವವರ ಮುಖ ಚೆನ್ನಾಗಿ ಕಾಣುವುದಿಲ್ಲ, ಬಾಯಿ ತೆರೆದ ಚಿತ್ರ ಅವರಿಗೆ ಅಗೌರವ ಎನ್ನುವ ಮಾತೂ ಇದೆ. ಗದಗಿನ ನೆಲದ ಭೀಮಸೇನ ಜೋಶಿಯವರನ್ನು ನೆನೆದರೆ ಇದಕ್ಕೆ ಉತ್ತರ ಸಿಗುತ್ತದೆ. ತಾನ್‌ಗಳನ್ನು ಹಾಡುವಾಗ ಅವರ ಇಡೀ ಮೈ ಸ್ವರದ ಹಿಂದೆ ಹೋಗುತ್ತಿತ್ತು, ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿದು ತರುತ್ತಿದ್ದವು. ಆ ಮುಖಭಾವ ಅವರ ಗಾಯನದ್ದೇ ಭಾಗ. ಅದನ್ನು ಬಿಟ್ಟು ನಗುಮುಖವನ್ನಷ್ಟೇ ಉಳಿಸಿಕೊಂಡರೆ ಸನ್ಮಾನದ ಫೋಟೊ ಉಳಿದೀತು, ಹಾಡು ಉಳಿಯಲಾರದು. ಸ್ವರದ ಶ್ರಮಕ್ಕೂ ಆಕಸ್ಮಿಕ ವಿಕಾರಕ್ಕೂ ಇರುವ ವ್ಯತ್ಯಾಸ ಕೇಳುಗನಿಗೆ ತಿಳಿಯುತ್ತದೆ. ಸೀನಿದ್ದು, ಕಣ್ಣು ಒರೆಸಿಕೊಂಡದ್ದು ಇಂಥವನ್ನೆಲ್ಲ ಅಳಿಸಿಹಾಕುವುದು ಅವನ ಹೊಣೆ.

ಈ ಹವ್ಯಾಸದ ಇನ್ನೊಂದು ಬೆಲೆಯನ್ನು ನಾವು ಕಡಿಮೆ ಎಣಿಸುತ್ತೇವೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ, ಅವು ಎಲ್ಲಿಗೂ ಹೋಗುವುದಿಲ್ಲ. ಅಳಿದುಹೋಗುವುದು ಸಣ್ಣ ಕಾರ್ಯಕ್ರಮಗಳ ಗುರುತು. 1973ರಲ್ಲಿ ತೆರೆದ ಸಿಬಿಜಿಬಿ 2006ರಲ್ಲಿ ಮುಚ್ಚಿತು. ಬೆಂಗಳೂರಿನಲ್ಲಿ ಎಷ್ಟೋ ಹೊಸ ಬ್ಯಾಂಡುಗಳಿಗೆ ವೇದಿಕೆಯಾಗಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಅಲ್ಲಿ ಯಾರು ಹಾಡಿದರು, ಎದುರಿಗೆ ಎಷ್ಟು ಜನ ನಿಂತಿದ್ದರು ಎನ್ನುವುದಕ್ಕೆ ಪತ್ರಿಕೆಗಳ ಕಡತಕ್ಕಿಂತ ಹವ್ಯಾಸಿಗಳ ಹಾರ್ಡ್ ಡಿಸ್ಕುಗಳೇ ಸಾಕ್ಷಿ. ಗಣೇಶೋತ್ಸವದ ಬೀದಿ ಪೆಂಡಾಲಿನ ಕಛೇರಿಗೂ ಇದೇ ಮಾತು. ಪತ್ರಿಕೆಯಲ್ಲಿ ಬಂದರೆ ಮುಖ್ಯ ಗಾಯಕರ ಚಿತ್ರ ಬರುತ್ತದೆ. ಹಿಂದೆ ತಂಬೂರಿ ಮೀಟುತ್ತ ಕುಳಿತ ಶಿಷ್ಯೆ, ಮೋರ್ಚಿಂಗಿನವರು, ಧ್ವನಿ ಹೊಂದಿಸುವ ಹುಡುಗ ಯಾವ ಚೌಕಟ್ಟಿಗೂ ಸಿಗದೆ ಹೋಗುತ್ತಾರೆ. ಹವ್ಯಾಸಿ ತನ್ನ ಲೆನ್ಸನ್ನು ಎರಡು ಗೇಣು ಆಚೆಗೆ ತಿರುಗಿಸಿದರೆ ಅವರೂ ಸಿಗುತ್ತಾರೆ. ಮನೆಗೆ ಬಂದ ರಾತ್ರಿಯೇ ಕಡತದ ಜೊತೆ ದಿನಾಂಕ, ಸ್ಥಳ, ಪಕ್ಕವಾದ್ಯದವರೆಲ್ಲರ ಹೆಸರು, ಆ ಹೊತ್ತಿಗೆ ನಡೆಯುತ್ತಿದ್ದ ರಾಗ ಅಥವಾ ಹಾಡು ಇಷ್ಟನ್ನು ಬರೆದಿಟ್ಟು, ಒಂದೊಂದು ಪ್ರತಿಯನ್ನು ಆಯಾ ಕಲಾವಿದರಿಗೆ ಕಳಿಸಬೇಕು. ರಾಗದ ಹೆಸರು ಬರೆಯಲು ಕೈ ತಡವರಿಸಿದರೆ, ಮುಂದಿನ ಕಛೇರಿಯಲ್ಲಿ ಕ್ಯಾಮೆರಾ ಇನ್ನಷ್ಟು ಹೊತ್ತು ಚೀಲದಲ್ಲೇ ಇರಬೇಕು.