ಚೇಣಿ ಫಸಲಿಗೆ, ನೆಲಕ್ಕಲ್ಲ

ಮಳೆ ತಗ್ಗುತ್ತಿದ್ದಂತೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಲ್ಲಿ ಚೇಣಿಯ ಮಾತುಕತೆ ಶುರುವಾಗುತ್ತದೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ವಯಸ್ಸಾದ ದಂಪತಿ, ಕೊನೆ ತೆಗೆಯಲು ಆಳಿಲ್ಲ. ಎರಡು ಮೂರು ಎಕರೆಯವರಿಗೆ ಚೇಣಿಯಲ್ಲದೆ ಬೇರೆ ದಾರಿ ಕಾಣುವುದಿಲ್ಲ. ಚೇಣಿದಾರ ಕೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸಿಕೊಳ್ಳುತ್ತಾನೆ. ತೋಟದ ಮಾಲೀಕರಿಗೆ ದುಡ್ಡನ್ನೋ ಒಣ ಅಡಿಕೆಯನ್ನೋ ಕೊಡುತ್ತಾನೆ. ಲಕ್ಷಾಂತರ ರೂಪಾಯಿಯ ಈ ವ್ಯವಹಾರ ಎಷ್ಟೋ ಮನೆಗಳಲ್ಲಿ ಇಂದಿಗೂ ಬಾಯಿಮಾತಿನ ಮೇಲೆಯೇ ನಡೆಯುತ್ತದೆ.

ಇದು ಅಪಾಯ.

ಮಲೆನಾಡಿಗೆ ಗೇಣಿಯ ನೆನಪು ಹಳೆಯದು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಜಮೀನು ಸರ್ಕಾರದ ವಶವಾಯಿತು. ಉಳುವವರು 7ನೇ ನಮೂನೆಯ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯ ಮೂಲಕ ಅಧಿಭೋಗದ ಹಕ್ಕು ಪಡೆದರು. ತಲೆಮಾರುಗಳಿಂದ ದುಡಿದವರಿಗೆ ಅದು ಸಿಗಲೇಬೇಕಿದ್ದ ನ್ಯಾಯ. ಆದರೆ ಅದೇ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಈಗಲೂ ನಿಷೇಧಿಸುತ್ತದೆ. ವಿನಾಯಿತಿ ಇರುವುದು ಮುಖ್ಯವಾಗಿ ಸೈನಿಕರಿಗೆ ಮತ್ತು ನಾವಿಕರಿಗೆ. ಆದ್ದರಿಂದ ಚೇಣಿ ಎಂದರೆ ಮರದ ಮೇಲಿನ ಒಂದು ವರ್ಷದ ಫಸಲಿನ ಮಾರಾಟವಾಗಿಯೇ ಇರಬೇಕು. ಗೊಬ್ಬರ, ಔಷಧಿ, ಬೇಸಾಯ ಎಲ್ಲವನ್ನೂ ಒಬ್ಬರಿಗೇ ವಹಿಸಿ, ಫಸಲಿನಲ್ಲಿ ಪಾಲು ಮಾಡಿಕೊಂಡು ವರ್ಷಾನುಗಟ್ಟಲೆ ಬಿಟ್ಟರೆ ಅದು ಗೇಣಿಯ ರೂಪ ತಾಳುತ್ತದೆ. ಕರಾರಿನಲ್ಲಿ ಫಸಲಿನ ವರ್ಷ, ಕೊಯ್ಲು ಮುಗಿಸುವ ತಾರೀಖು, ತೋಟದ ಸ್ವಾಧೀನ ಮಾಲೀಕರದ್ದೇ ಎಂಬ ಮಾತು, ಈ ಮೂರೂ ಸ್ಪಷ್ಟವಾಗಿರಬೇಕು. ಪಹಣಿಯಲ್ಲಿ ಸಾಗುವಳಿದಾರರ ಕಾಲಂ ಅನ್ನು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಬೇಕು. ಸುಳ್ಳೆಂದು ರುಜುವಾತಾಗುವವರೆಗೆ ಪಹಣಿಯ ನಮೂದು ನಿಜವೆಂದೇ ಭೂಕಂದಾಯ ಕಾಯ್ದೆಯ 133ನೇ ಕಲಂ ಭಾವಿಸುತ್ತದೆ.

ಇನ್ನು ಲೆಕ್ಕ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಒಣ ಅಡಿಕೆ 12 ಕೆಜಿಯೋ 13 ಕೆಜಿಯೋ ಎಂಬುದು ಸಣ್ಣ ಚೌಕಾಸಿಯಂತೆ ಕಾಣುತ್ತದೆ. 60 ಕ್ವಿಂಟಲ್ ಹಸಿ ಅಡಿಕೆ ಇಳಿದ ತೋಟದಲ್ಲಿ ಆ ಒಂದು ಕೆಜಿ ಒಟ್ಟು 60 ಕೆಜಿಯಾಗುತ್ತದೆ. ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ಧಾರಣೆ ಹಿಡಿದರೂ 30 ಸಾವಿರ ರೂಪಾಯಿ. ತೂಕ ಎಲ್ಲಿ, ಯಾರ ಎದುರು, ಕೊನೆಯ ದಂಟು ಬಿಡಿಸಿದ ಮೇಲೋ ಮೊದಲೋ ಎಂಬುದೂ ಬರವಣಿಗೆಯಲ್ಲಿರಲಿ. ಧಾರಣೆ ಕುಸಿದ ವರ್ಷ ಚೇಣಿದಾರನೂ ಸಂಕಟಕ್ಕೆ ಬೀಳುತ್ತಾನೆ; ಮುಂಗಡ ದೊಡ್ಡದಿದ್ದಷ್ಟೂ ಮಾಲೀಕರಿಗೆ ನೆಮ್ಮದಿ. ಬಾಕಿಗೆ ಕೊಟ್ಟ ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ‘ನಾಳೆ ಕೊಡುತ್ತಾನೆ’ ಎಂದು ಕಾಯುತ್ತಾ ಈ ಗಡುವು ದಾಟಿಸಿಕೊಳ್ಳುವವರೇ ಹೆಚ್ಚು.

ಕೊಳೆರೋಗ, ಹಳದಿ ಎಲೆ, ಎಲೆಚುಕ್ಕಿ ಕಾಡುವ ಈ ಮೂರು ತಾಲ್ಲೂಕುಗಳಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಬಿಡಬಾರದು. ವಿಮಾ ಕಂತಿನಲ್ಲಿ ರೈತರ ಪಾಲು ವಿಮಾ ಮೊತ್ತದ ಶೇ 5. ಪರಿಹಾರ ನಿಗದಿಯಾಗುವುದು ಮಳೆ ಮಾಪನ ಕೇಂದ್ರದ ಅಂಕಿ-ಅಂಶದ ಮೇಲೆ, ತೋಟದಲ್ಲಿ ಉದುರಿದ ಕಾಯಿಯ ಲೆಕ್ಕದ ಮೇಲಲ್ಲ; ದುಡ್ಡು ಬರುವುದು ವಿಮೆ ಮಾಡಿಸಿದವರ ಖಾತೆಗೆ. ಇಡೀ ತೋಟಕ್ಕೆ ಒಂದೇ ಮೊತ್ತ ಮಾತಾಡಿದ ಚೇಣಿದಾರ, ಕೊಳೆ ಬಂತೆಂದು ಮೊತ್ತ ಇಳಿಸಲು ಕೇಳಿದರೆ ಎಷ್ಟು ಇಳಿಸಬೇಕು, ವಿಮೆಯ ಹಣದಲ್ಲಿ ಅವನಿಗೆ ಪಾಲುಂಟೇ ಎಂಬುದನ್ನು ಮೊದಲ ಕೊನೆ ಇಳಿಸುವ ಮುಂಚೆಯೇ ಇಬ್ಬರೂ ಕೂತು ಬರೆದು, ಸಾಕ್ಷಿಗಳಿಂದ ಸಹಿ ಹಾಕಿಸಿಕೊಳ್ಳಬೇಕು.