ಆರು ರವಿಕೆಗೆ ಎಷ್ಟು ಗ್ರಾಂ ದಾರ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಲಾಟಿಗೆ ಬೆಲೆ ಹಾಕುವ ಮೊದಲು, ಗೂಡು ಬಿಚ್ಚಿ ನೂಲು ತೆಗೆಯುವ ರೀಲರ್ ಹಿಡಿ ಗೂಡನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡುತ್ತಾನೆ. ಒಂದು ಕಿಲೋ ನೂಲು ಇಳಿಯಲು ಎಷ್ಟು ಕಿಲೋ ಗೂಡು ಬೇಕಾದೀತು ಎಂಬುದು ಅವನ ಲೆಕ್ಕ. ಈ ಪ್ರಮಾಣಕ್ಕೆ ಕಸುಬಿನವರು ರೆಂಡಿಟಾ ಎನ್ನುತ್ತಾರೆ. ಒಳ್ಳೆಯ ದ್ವಿತಳಿ ಗೂಡಾದರೆ ಸುಮಾರು ಆರೂವರೆ ಕಿಲೋ, ಮಿಶ್ರತಳಿಯಾದರೆ ಏಳೆಂಟು ಕಿಲೋ. ಅಂದಾಜು ತಪ್ಪಿದರೆ ಅಂದಿನ ಲಾಭ ಹೋಯಿತು.

ಚನ್ನಪಟ್ಟಣ, ಕನಕಪುರ, ಮಾಗಡಿಯ ಪೇಟೆಗಳಲ್ಲಿ ರವಿಕೆಗೆ ಕಂಪ್ಯೂಟರ್ ಎಂಬ್ರಾಯಿಡರಿ ಹಾಕುವವರಿಗೂ ಇಂಥದ್ದೇ ಲೆಕ್ಕ ಬೇಕು. ರೇಷ್ಮೆಯ ಸೀಮೆಯಾದರೂ ಯಂತ್ರಕ್ಕೆ ಏರುವುದು ಹೆಚ್ಚಾಗಿ ರೇಯಾನ್ ಇಲ್ಲವೇ ಪಾಲಿಯೆಸ್ಟರ್ ದಾರ. ಅಳತೆ ಮಾತ್ರ ರೇಷ್ಮೆಯದೇ: ಡೆನಿಯರ್, ಅಂದರೆ 9000 ಮೀಟರ್ ದಾರದ ಗ್ರಾಂ ತೂಕ. ಎಂಟೊಂಬತ್ತು ಗೂಡುಗಳ ಎಳೆ ಕೂಡಿಸಿ ಬಿಚ್ಚಿದ 20/22 ಡೆನಿಯರ್ ಕಚ್ಚಾ ರೇಷ್ಮೆ ಒಂದು ಕಿಲೋಗೆ ಸುಮಾರು 4.28 ಲಕ್ಷ ಮೀಟರ್. ಬೆಂಗಳೂರಿನಿಂದ ಹಾಸಿದರೆ ಹುಬ್ಬಳ್ಳಿ ತಲುಪೀತು.

ಹೊಲಿಗೆ ಎಣಿಸಿದರೆ ಸಾಲದು

ಸಾವಿರ ಹೊಲಿಗೆಗೆ ಐದಾರು ಮೀಟರ್ ಮೇಲ್ದಾರ ಎಂಬುದು ರೂಢಿಯ ಅಂದಾಜು. ಆದರೆ ಹೊಲಿಗೆಗಳೆಲ್ಲ ಒಂದೇ ಉದ್ದದವಲ್ಲ. ಎಲೆಯ ಒಳಭಾಗ ತುಂಬುವ ಹೊಲಿಗೆ ಸುಮಾರು 4 ಮಿ.ಮೀ. ಇದ್ದರೆ, ಅಂಚುಕಟ್ಟುವ ಅಗಲ ಸ್ಯಾಟಿನ್ 7 ಮಿ.ಮೀ. ಇರಬಹುದು. ಬಟ್ಟೆ, ಅಡಿಯ ಪೇಪರ್ ಎರಡನ್ನೂ ದಾಟಿ ಮರಳುವುದಕ್ಕೆ ಹೊಲಿಗೆಗೆ ಇನ್ನೊಂದು ಮಿ.ಮೀ. ಸೇರಿಸಿ. ಹಾಗಾಗಿ ಸಾವಿರ ತುಂಬು ಹೊಲಿಗೆಗೆ 5 ಮೀಟರ್, ಸಾವಿರ ಸ್ಯಾಟಿನ್‌ಗೆ 8 ಮೀಟರ್. ತೋಳು, ಬೆನ್ನು ಸೇರಿ 60,000 ಹೊಲಿಗೆಯ ರವಿಕೆಯಲ್ಲಿ 20,000 ಸ್ಯಾಟಿನ್ ಇದ್ದರೆ ಬೇಕಾಗುವುದು 360 ಮೀಟರ್. ಎಲ್ಲಕ್ಕೂ ಐದರ ಲೆಕ್ಕ ಹಿಡಿದವರಿಗೆ ಸಿಗುವುದು 300. ದಾರ ತುಂಡಾಗುವುದು, ಬಣ್ಣ ಬದಲಿಸುವಾಗ ಕತ್ತರಿಸುವುದು ಇವುಗಳಿಗೆ ಶೇಕಡಾ ಹತ್ತು ಕೂಡಿಸಿದರೆ 400ರ ಹತ್ತಿರ. ಬಾಬಿನ್ ದಾರ ಇದರ ಮೂರನೇ ಒಂದು ಪಾಲು.

ಹಲವು ಬಣ್ಣದ ವಿನ್ಯಾಸವಾದರೆ ಒಟ್ಟು ಮೊತ್ತ ನೋಡಿ ಪ್ರಯೋಜನವಿಲ್ಲ. ಯಾವ ಬಣ್ಣದಲ್ಲಿ ಎಷ್ಟು ಹೊಲಿಗೆ ಎಂದು ಸಾಫ್ಟ್‌ವೇರ್ ಬಿಡಿಯಾಗಿ ತೋರಿಸುತ್ತದೆ. ಲೆಕ್ಕವೂ ಬಣ್ಣಬಣ್ಣಕ್ಕೆ ಬೇರೆ ಆಗಬೇಕು.

ತಕ್ಕಡಿಯೇ ಅಳತೆಪಟ್ಟಿ

ಬಳಸಿ ಉಳಿದ ಕೋನಿನಲ್ಲಿ ಎಷ್ಟು ಮೀಟರ್ ಇದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ತೂಕ ಹಾಕಿದರೆ ಗೊತ್ತಾಗುತ್ತದೆ. ಎಂಬ್ರಾಯಿಡರಿಯಲ್ಲಿ ಹೆಚ್ಚು ಬಳಕೆಯ 40ನೇ ನಂಬರಿನ ದಾರ 120 ಡೆನಿಯರ್‌ನ ಎರಡು ಎಳೆಯದು. ಒಟ್ಟು 240 ಡೆನಿಯರ್. ಅಂದರೆ ಒಂದು ಗ್ರಾಂಗೆ 37.5 ಮೀಟರ್. 5000 ಮೀಟರಿನ ಹೊಸ ಕೋನಿನಲ್ಲಿ ದಾರದ ತೂಕ ಸುಮಾರು 133 ಗ್ರಾಂ. ಖಾಲಿ ಕೋನಿನ ತೂಕ ಕಳೆದು ಉಳಿದ ಗ್ರಾಂ ಅನ್ನು 37.5ರಿಂದ ಗುಣಿಸಿದರೆ ಮೀಟರ್ ಸಿಕ್ಕಿತು.

ಅಸಲಿ ರೇಷ್ಮೆ ದಾರ ಹಾಕುವವರು ಇಲ್ಲಿ ಎಚ್ಚರವಾಗಿರಬೇಕು. ಕಚ್ಚಾ ನೂಲಿನ ಮೇಲಿನ ಸೆರಿಸಿನ್ ಅಂಟನ್ನು ಬೇಯಿಸಿ ತೆಗೆದಾಗ ತೂಕ ಕಾಲು ಭಾಗದವರೆಗೂ ಇಳಿಯುತ್ತದೆ, ಉದ್ದ ಬಹುತೇಕ ಹಾಗೇ ಉಳಿಯುತ್ತದೆ. ಡೆನಿಯರ್ ಬೇಯಿಸುವ ಮೊದಲಿನದೋ ನಂತರದ್ದೋ ಎಂದು ಕೇಳದೆ ತೂಗಿದರೆ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ. ರೇಷ್ಮೆ ತ್ಯಾಜ್ಯದಿಂದ ನೂಲುವ ಸ್ಪನ್ ಸಿಲ್ಕ್ ದಾರಕ್ಕೆ ಡೆನಿಯರ್ ಬದಲು ಕೌಂಟ್ ಹೇಳುತ್ತಾರೆ. ಅಲ್ಲಿ ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು.

ಮದುವೆ ಮನೆಯೊಂದು ಒಂದೇ ಬಣ್ಣದ ಕಸೂತಿಗೆ ಆರು ರವಿಕೆ ಕೊಟ್ಟಿತು ಎನ್ನಿ. 400 ಮೀಟರಿನಂತೆ 2400 ಮೀಟರ್, ಅಂದರೆ 64 ಗ್ರಾಂ. ನಿಮ್ಮಲ್ಲಿರುವ ಕೋನಿನ ದಾರ 50 ಗ್ರಾಂ ತೂಗಿದರೆ ಯಂತ್ರ ಹಚ್ಚುವ ಮುನ್ನವೇ ಹೊಸದನ್ನು ತರಿಸುವುದು ಲೇಸು. ಐದನೇ ರವಿಕೆಯ ನಡುವೆ ದಾರ ಮುಗಿದು ಬೇರೆ ಲಾಟಿನ ಕೋನ್ ತಂದರೆ ಬಣ್ಣದ ಛಾಯೆ ಕೂಡಿಕೊಳ್ಳದಿರಬಹುದು. ಆಗ ಬಿಚ್ಚಿ ಹೊಲಿಯುವ ಖರ್ಚಿನ ಮುಂದೆ ದಾರದ ಬೆಲೆ ಏನೇನೂ ಅಲ್ಲ.