ಬೀಜ ಊರೂರಿಗೆ, ಹುಳು ಹೊಲದಲ್ಲೇ

ಬ್ಯಾಡಗಿ ಮೆಣಸಿನಕಾಯಿಯ ಮಾತು ಬಂದರೆ ಬಣ್ಣ, ಸುಕ್ಕು, ಸೋಮವಾರ-ಗುರುವಾರದ ಪೇಟೆ ಧಾರಣೆಗಳೇ ಮುಂದೆ. ಗಿಡ ಸೊರಗಿದರೆ ಮೊದಲ ಗುಮಾನಿ ಮುಟುರು ರೋಗದ ಮೇಲೆ. ಗಿಡ ಕಿತ್ತು ಬೇರು ತೊಳೆದು ನೋಡುವವರು ಕಡಿಮೆ. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳಿದ್ದರೆ ಎಷ್ಟು ಔಷಧಿ ಹೊಡೆದರೂ ಎಲೆ ಹಸಿರಾಗುವುದಿಲ್ಲ.

ಆ ಗಂಟು ಕಟ್ಟಿಸುವುದು ಮೆಲೊಯ್ಡೊಗೈನ್ ಎಂಬ ಜಂತುಹುಳು. ಮರಿ ಅರ್ಧ ಮಿಲಿಮೀಟರ್ ಉದ್ದವೂ ಇಲ್ಲ. ಬೇರಿನ ತುದಿಯಲ್ಲಿ ಒಳಹೊಕ್ಕು, ಬಾಯಿಯ ಸೂಜಿಯಿಂದ ಕೆಲವು ಜೀವಕೋಶಗಳಿಗೆ ತನ್ನ ರಸ ಬಿಡುತ್ತದೆ. ಅವು ಸಾಯುವುದಿಲ್ಲ, ಬೇಕಾಬಿಟ್ಟಿ ಹಿಗ್ಗಿ, ಗಿಡದ ಆಹಾರವನ್ನು ಹುಳುವಿಗೆ ಬಡಿಸುತ್ತ ಕೂರುತ್ತವೆ. ಹೆಣ್ಣು ಆಮೇಲೆ ಜಾಗ ಬಿಟ್ಟು ಕದಲುವುದಿಲ್ಲ. ಅಲ್ಲೇ ಉಬ್ಬಿ ಅಂಟಿನ ಚೀಲದಲ್ಲಿ 400-500 ಮೊಟ್ಟೆ ಇಡುತ್ತದೆ. ಈ ಕುಲದ ಇನ್‌ಕಾಗ್ನಿಟಾ ಪ್ರಭೇದಕ್ಕೆ ಮೊಟ್ಟೆಯಿಡಲು ಗಂಡಿನ ಹಂಗೂ ಇಲ್ಲ. ಬೆಚ್ಚನೆಯ ಮಣ್ಣಿನಲ್ಲಿ ತಿಂಗಳಿಗೊಂದು ಪೀಳಿಗೆ. ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆ ಚೇತರಿಸುತ್ತದೆ. ನೀರು ಸಾಲದೇನೋ ಎಂದು ರೈತ ಇನ್ನಷ್ಟು ಬಿಡುತ್ತಾನೆ, ಜೊತೆಗೆ ಒಂದಿಷ್ಟು ಯೂರಿಯಾ. ಉಣ್ಣುವವನನ್ನು ಬಿಟ್ಟು ಅಡುಗೆಯವನನ್ನು ಗದರಿದಂತೆ.

ಮಳೆ ನಂಬಿದ ಎರೆ ಭೂಮಿಯಲ್ಲಿ ಇದರ ಆಟ ಅಷ್ಟಾಗಿ ನಡೆಯದು. ಜಿಗುಟು ಮಣ್ಣಿನಲ್ಲಿ ಓಡಾಟ ಕಷ್ಟ, ಬೇಸಿಗೆಯಲ್ಲಿ ಬೇರೂ ಇಲ್ಲ, ತೇವವೂ ಇಲ್ಲ. ಮಸಾರಿ ನೆಲಕ್ಕೆ ಬೋರು ಬಂದು, ಟೊಮ್ಯಾಟೊ, ಬೆಂಡೆ, ಬದನೆ ಒಂದರ ಹಿಂದೊಂದು ನಿಂತರೆ ಹುಳುವಿಗೆ ವರ್ಷವಿಡೀ ಸುಗ್ಗಿ. ರಾಣೇಬೆನ್ನೂರು ಸೀಮೆಯ ಬೀಜೋತ್ಪಾದನೆಯನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ಹೆಣ್ಣುಮಕ್ಕಳು ಒಂದೊಂದು ಹೂವನ್ನೂ ಕೈಯಲ್ಲಿ ಹಿಡಿದು ಕ್ರಾಸಿಂಗ್ ಮಾಡಿದ ಹೈಬ್ರಿಡ್ ಬೀಜ ದೂರದ ಊರುಗಳಿಗೆ ಹೋಗುತ್ತದೆ. ಬೇರುಗಂಟಿನ ಹುಳು ಬೀಜದ ಬೆನ್ನೇರಿ ಹೋಗುವುದಿಲ್ಲ. ಕೊಂಡವನಿಗೆ ಹುಳುವಿಲ್ಲದ ಬೀಜ, ಬೆಳೆದವನಿಗೆ ಗಂಟು ಬಿದ್ದ ಹೊಲ. ಬೀಜದ ದರ ಕಟ್ಟುವಾಗ ಮಣ್ಣಿನ ಈ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದೇ ಬಳಗದ ಹಿಮೋಂಕಸ್ ಎಂಬ ಹುಳು ಕುರಿಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಕುರಿಯ ಗದ್ದದ ಕೆಳಗೆ ನೀರು ತುಂಬಿದ್ದನ್ನು ಕಂಡರೆ ಕುರಿಗಾಹಿ ತಡಮಾಡದೆ ಜಂತಿನ ಔಷಧಿ ಹುಡುಕುತ್ತಾನೆ. ಹೊಲಕ್ಕೆ ಗದ್ದವಿಲ್ಲ.

ಪೆರು ದೇಶದ ಕಾಡು ಟೊಮ್ಯಾಟೊದಿಂದ ಬಂದ ಒಂದು ಜೀನ್ ಬೇರುಗಂಟಿನ ಹುಳುವನ್ನು ತಡೆಯುತ್ತದೆ. ಆದರೆ ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಅದರ ಕಸುವು ಕುಂದುತ್ತದೆ. ಹಾವೇರಿಯ ಬೇಸಿಗೆಗೆ ಅದೊಂದನ್ನೇ ನೆಚ್ಚಿ ಕೂರಲಾಗದು. ಬಿರುಬಿಸಿಲಿನಲ್ಲಿ ಆಳವಾಗಿ ಉಳುವುದು, ಬೇವಿನ ಹಿಂಡಿ, ನಡುವೆ ಒಂದು ಬೆಳೆ ಚೆಂಡು ಹೂ, ಇವು ಹಳೆಯ ದಾರಿಗಳೇ. ಇನ್‌ಕಾಗ್ನಿಟಾಗೆ ಶೇಂಗಾ ಬೇರು ಒಗ್ಗುವುದಿಲ್ಲವಾದ್ದರಿಂದ ಬೆಳೆ ಬದಲಿಸಲು ಅದೂ ಆದೀತು. ಅಂದಹಾಗೆ, ಶೇಂಗಾ ಬೇರಿನ ಗುಳ್ಳೆ ಕಂಡು ಹೆದರಬೇಡಿ: ಉಗುರಿನಿಂದ ಎಬ್ಬಿಸಿದರೆ ಕಳಚಿ ಬಂದು ಒಳಗೆ ನಸುಗೆಂಪು ಕಂಡರೆ ಅದು ಸಾರಜನಕ ಕೂಡಿಡುವ ಒಳ್ಳೆಯ ಗಂಟು. ಹುಳುವಿನ ಗಂಟು ಕಳಚುವುದಿಲ್ಲ, ಬೇರೇ ಊದಿರುತ್ತದೆ. ಅನುಮಾನವಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಈ ಹುಳು ತಾನಾಗಿ ವರ್ಷಕ್ಕೆ ಒಂದು ಮೀಟರ್ ಸರಿದರೆ ಹೆಚ್ಚು. ಹೊಲದಿಂದ ಹೊಲಕ್ಕೆ ದಾಟಿಸುವುದು ಹರಿಯುವ ನೀರು, ಟ್ರ್ಯಾಕ್ಟರ್ ಗಾಲಿಗೆ ಮೆತ್ತಿದ ಮಣ್ಣು, ನರ್ಸರಿಯ ಸಸಿ. ಸಸಿ ಕೊಳ್ಳುವಾಗ ಟ್ರೇಯಿಂದ ನಾಲ್ಕು ಕಿತ್ತು ಬೇರು ತೊಳೆದು ತೋರಿಸಿ ಎನ್ನಿ. ತೋರಿಸಲು ಹಿಂದೇಟು ಹಾಕಿದರೆ ಬೇರೆ ನರ್ಸರಿ ನೋಡಿ.